ಗೆರೆಯ ಹಲ್ಲು

ಹೊಗಳುವುದಕ್ಕೆ ಕಾಕಾ ಒಂದೇ ಒಂದು ಮಾತು ಇಟ್ಟುಕೊಂಡಿದ್ದರು: ‘ಬರೋಬ್ಬರಿ’, ಅಂದರೆ ಪಕ್ಕಾ ಸರಿ. ಅದೂ ಸುಲಭಕ್ಕೆ ಸಿಗುವ ಮಾತಲ್ಲ. ಅವರ ಜೊತೆ ಕೆಲಸ ಮಾಡಿದ ಎರಡೂವರೆ ವರ್ಷದಲ್ಲಿ ಅದು ನನ್ನ ಪಾಲಿಗೆ ಬಂದದ್ದು ಒಂದೇ ಸಲ. ಆ ಒಂದು ಸಲವೂ ಅವರ ಮುಂದಿದ್ದ ಕೆಲಸಕ್ಕೆ ಆ ಯೋಗ್ಯತೆ ಇರಲಿಲ್ಲ. ಅದನ್ನೇ ಹಿಡಿದುಕೊಂಡು ನಾನು ಮೂರು ಜನರ ಮುಂದೆ ನಗೆಯಾಡಿದೆ. ತಮಾಷೆ ಮಾಡುವ ಚಾಳಿ ನನಗೆ ಹುಟ್ಟಿನಿಂದಲೇ ಬಂದದ್ದು; ಅದರಿಂದ ನನಗೇನೂ ನಷ್ಟವಾಗಿಲ್ಲ. ನಷ್ಟವಾದದ್ದೆಲ್ಲ ಬೇರೆಯವರಿಗೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಪುಣೆಯ ಕೋಥರೂಡಿನ ಒಂದು ವಸತಿ ಸೊಸೈಟಿಯ ನೆಲಮಹಡಿಯ ಫ್ಲ್ಯಾಟೇ ನಮ್ಮ ಕಂಪನಿ. ಹಾಲಿನಲ್ಲಿ ನಾವು ನಾಲ್ಕು ಜನ ಪ್ರೋಗ್ರಾಮರುಗಳು, ಒಳಗಿನ ಬೆಡ್‌ರೂಮಿನಲ್ಲಿ ಮಾಲೀಕರಾದ ಸಾಹೇಬರು, ಅಡುಗೆಮನೆಯಲ್ಲಿ ಪ್ರಿಂಟರು. ಸಣ್ಣ ಕಾರ್ಖಾನೆಗಳವರು ಯಂತ್ರದ ಬಿಡಿಭಾಗಗಳ ನಕ್ಷೆಯನ್ನು ಕಂಪ್ಯೂಟರಿನಲ್ಲೇ ಬರೆದುಕೊಳ್ಳಲಿ ಎಂದು ನಾವೊಂದು ಸಾಫ್ಟ್‌ವೇರು ಮಾಡುತ್ತಿದ್ದೆವು. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಗೆರೆ. ಎರಡು ಬಿಂದು ಕೊಟ್ಟರೆ ಅವುಗಳ ನಡುವೆ ಪರದೆಯ ಮೇಲೆ ಒಂದು ಗೆರೆ ಎಳೆಯಬೇಕು, ಅಷ್ಟೇ. ಊರಿಗೆ ಹೋದಾಗ ಅಪ್ಪ ‘ಏನ್ ಕೆಲಸ ಮಾಡ್ತೀಯೋ’ ಎಂದು ಕೇಳಿದರೆ ‘ಗೆರೆ ಎಳೀತೀನಿ’ ಎನ್ನುವುದಕ್ಕೆ ಮುಜುಗರವಾಗಿ ‘ಕಂಪ್ಯೂಟರ್’ ಎಂದು ತೇಲಿಸಿಬಿಡುತ್ತಿದ್ದೆ.

ಕಾಕಾ ಪ್ರೋಗ್ರಾಮರಲ್ಲ. ಒಂದು ಕಾರ್ಖಾನೆಯ ಡ್ರಾಯಿಂಗ್ ಕೋಣೆಯಲ್ಲಿ ಮೂವತ್ತು ವರ್ಷ ಮಸಿಯ ಪೆನ್ನು ಹಿಡಿದು ಟ್ರೇಸಿಂಗ್ ಕಾಗದದ ಮೇಲೆ ನಕ್ಷೆ ತೆಗೆದವರು. ಅಲ್ಲಿ ಕಂಪ್ಯೂಟರು ಬಂದು ಆ ಕೋಣೆಯೇ ಮುಚ್ಚಿಹೋಯಿತು. ನಮ್ಮ ಸಾಹೇಬರು ಅವರನ್ನು ಕರೆತಂದು ನಮಗೆ ಪರಿಚಯಿಸಿದಾಗ ಹೇಳಿದ್ದು ಇಷ್ಟು: “ಇವರು ಕೀಬೋರ್ಡ್ ಮುಟ್ಟಬೇಕಾಗಿಲ್ಲ. ನಮಗೆ ಬೇಕಾಗಿರುವುದು ಇವರ ಕಣ್ಣು. ನೀವು ಮಾಡಿದ್ದನ್ನು ಇವರು ನೋಡಲಿ. ಇವರು ಒಪ್ಪಿದರೆ ಗಿರಾಕಿ ಒಪ್ಪಿದ ಹಾಗೆ.” ಅಂದಿನಿಂದ ಆಫೀಸಿಗೆಲ್ಲ ಅವರು ಕಾಕಾ. ನನಗೂ ಕಾಕಾ.

ನಾನು ಗದಗದವನೆಂದು ತಿಳಿದ ದಿನವೇ ಅವರು ಕನ್ನಡಕ್ಕೆ ತಿರುಗಿದರು. ಅವರ ತಂದೆ ವಿಜಾಪುರದ ಕಡೆಯಿಂದ ರೈಲ್ವೆ ನೌಕರಿಗೆಂದು ದೌಂಡಿಗೆ ಬಂದು ಅಲ್ಲೇ ನಿಂತವರಂತೆ. ಕಾಕಾ ಮಾತಾಡುವುದು ಕನ್ನಡ, ಎಣಿಸುವುದು ಮರಾಠಿಯಲ್ಲಿ, ಸಿಟ್ಟು ಬಂದರೆ ಹಿಂದಿ. ನಾನು ಅದಕ್ಕೆ ನಕ್ಕರೆ, “ನಮ್ಮ ಕನ್ನಡ ದೌಂಡ ಜಂಕ್ಷನ್ನಿನ್ಯಾಗ ಗಾಡಿ ಬದಲ್ ಮಾಡೇದ ತಮ್ಮಾ, ಸಾಮಾನು ಸ್ವಲ್ಪ ಅದಲು ಬದಲು ಆಗ್ಯಾವ” ಎನ್ನುತ್ತಿದ್ದರು.

ತೆಳ್ಳಗಿನ ಆಳು. ಬಿಳಿಯ ಅರ್ಧ ತೋಳಿನ ಅಂಗಿ. ಅದರ ಜೇಬಿನಲ್ಲಿ ಕಾಗದದಲ್ಲಿ ಸುತ್ತಿಟ್ಟ ಅರ್ಧ ಬ್ಲೇಡು. ಟ್ರೇಸಿಂಗಿನ ಮೇಲೆ ಮಸಿ ತಪ್ಪಿದರೆ ಅದನ್ನು ಹೆರೆದು ತೆಗೆಯುವುದಕ್ಕೆ ಅವರು ಬಳಸುತ್ತಿದ್ದ ಬ್ಲೇಡು ಅದು. ಹೆರೆಯಬೇಕಾದ ಮಸಿ ಈಗ ಎಲ್ಲೂ ಇರಲಿಲ್ಲ, ಆದರೂ ಬ್ಲೇಡು ಜೇಬು ಬಿಟ್ಟಿರಲಿಲ್ಲ. ಅದರಲ್ಲೇ ಪೆನ್ಸಿಲ್ಲು ಹೆರೆಯುವರು, ಬಿಸ್ಕೀಟಿನ ಪುಡಿಕೆ ಬಿಚ್ಚುವರು, ನನ್ನ ಅಂಗಿಯ ಜೋತುಬಿದ್ದ ದಾರವನ್ನು ಕತ್ತರಿಸುವರು.

ನನ್ನ ಮೊದಲ ಗೆರೆಯನ್ನು ತೋರಿಸಿದ್ದು ಚೆನ್ನಾಗಿ ನೆನಪಿದೆ. ಅದರ ವೇಗದ ಬಗ್ಗೆ ನನಗೆ ಬಲು ಜಂಬ. ಗುಂಡಿ ಒತ್ತಿದ್ದೇ ತಡ, ಗೆರೆ ಸಿದ್ಧ. ಕಾಕಾ ಪರದೆಯ ಹತ್ತಿರ ಬಗ್ಗಿದರು, ಉಸಿರು ಹಿಡಿದರು, ನೋಡಿದರು. ಆಮೇಲೆ ಉಸಿರು ಬಿಟ್ಟು, “ಇದಕ್ಕ ಹಲ್ಲ ಬಂದಾವಲ್ಲೋ!” ಎಂದರು.

ನಾನು ಪಾಠ ಹೇಳಲು ಹೊರಟೆ. ಪರದೆ ಎಂದರೆ ಸಣ್ಣ ಸಣ್ಣ ಚೌಕಗಳ ರಾಶಿ, ಒಂದೊಂದು ಚೌಕವೂ ಕಪ್ಪಾಗಬೇಕು ಇಲ್ಲವೇ ಬಿಳಿಯಾಗಿಯೇ ಉಳಿಯಬೇಕು. ಓರೆಯಾಗಿ ಹೋಗುವ ಗೆರೆ ಆ ಚೌಕಗಳ ಮೇಲೆ ಮೆಟ್ಟಿಲು ಹತ್ತಿದ ಹಾಗೆ ಹತ್ತಲೇಬೇಕು, ಬೇರೆ ದಾರಿ ಇಲ್ಲ, ಎಂದೆಲ್ಲ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಮೆಟ್ಟಲಾ ಹತ್ತೂದು ನಿನ್ನ ಕೆಲಸ ತಮ್ಮಾ, ಗೆರಿ ಕೆಲಸ ಅಲ್ಲ” ಎಂದು ಎದ್ದುಹೋದರು.

ಮರುದಿನ ಒಂದು ಹಳೆಯ ನಕ್ಷೆಯನ್ನೂ ಭೂತಗನ್ನಡಿಯನ್ನೂ ಮನೆಯಿಂದ ತಂದರು. ಅವರೇ ಮಸಿಯಲ್ಲಿ ತೆಗೆದ ಯಾವುದೋ ಯಂತ್ರದ ಗೇರಿನ ನಕ್ಷೆ. ಬರಿಗಣ್ಣಿಗೆ ಕೂದಲು ಹಿಡಿದೆಳೆದಷ್ಟು ನೇರವಾದ ಗೆರೆ. ಭೂತಗನ್ನಡಿಯ ಕೆಳಗೆ ಅದರ ಅಂಚು ಬೇರೆಯೇ ಆಗಿತ್ತು: ಕಾಗದ ಒಂದು ಕಡೆ ಮಸಿಯನ್ನು ಹೆಚ್ಚು ಕುಡಿದಿದೆ, ಇನ್ನೊಂದು ಕಡೆ ಕಡಿಮೆ, ಕಪ್ಪಿಗೂ ಬಿಳುಪಿಗೂ ನಡುವೆ ಮಾಸಲು ಬಣ್ಣದ ಒಂದು ಎಳೆ.

“ನೋಡ್ದಿ? ಅಂಚಿನ್ಯಾಗ ಅರ್ಧಾ ಮಸಿ, ಕಾಲು ಮಸಿ. ಕಣ್ಣಿಗೆ ಆ ಅರ್ಧಾ ಬೇಕು. ಪೂರಾ ಕರಿ, ಪೂರಾ ಬಿಳಿ ಕೊಟ್ರ ಕಣ್ಣು ಎಡವತದ.”

ಈ ಸಂಗತಿ ಪುಸ್ತಕಗಳಲ್ಲಿ ಇಲ್ಲದ್ದೇನಲ್ಲ. ನಾನೂ ಓದಿದ್ದೆ, ತಲೆಗೆ ಹೋಗಿರಲಿಲ್ಲ. ಗೆರೆ ಒಂದು ಚೌಕದ ಕಾಲು ಭಾಗವನ್ನು ಮುಚ್ಚಿದರೆ ಆ ಚೌಕಕ್ಕೆ ಕಾಲು ಭಾಗ ಕಪ್ಪು ಕೊಡಬೇಕು, ಪಕ್ಕದ ಚೌಕಕ್ಕೆ ಉಳಿದ ಮುಕ್ಕಾಲು. ಹಾಗೆ ಹಂಚಿದರೆ ಹಲ್ಲು ಮಾಯ. ಹೇಳುವುದಕ್ಕೆ ಒಂದು ಸಾಲು. ಮಾಡುವುದಕ್ಕೆ ನನಗೆ ತಿಂಗಳುಗಳೇ ಹಿಡಿದವು.

ಯಾಕೆಂದರೆ ಕಾಕಾ ಇದ್ದರಲ್ಲ! ಮೊದಲ ಸಲ ತೋರಿಸಿದಾಗ, “ಅಡ್ಡ ಗೆರಿ ಕರಿ ಅದ, ಓರಿ ಗೆರಿ ಮಾಸೇದ. ಒಂದ ತಾಯಿ ಮಕ್ಕಳು ಅನ್ನಸೂದಿಲ್ಲ” ಎಂದರು. ಅದನ್ನು ಸರಿಪಡಿಸಿದೆ. ಎರಡನೆಯ ಸಲ, “ಗೆರಿ ಮ್ಯಾಲ ಗೆರಿ ಹಾದಲ್ಲೆ ನುಸಿ ತಿಂದಂಗ ಆಗೇದ ನೋಡು” ಎಂದರು. ನೋಡಿದರೆ ನಿಜ. ಎರಡನೆಯ ಗೆರೆಯ ಮಾಸಲು ಅಂಚು, ಕೆಳಗೆ ಮೊದಲೇ ಇದ್ದ ಕಪ್ಪನ್ನು ಲೆಕ್ಕಿಸದೆ, ಬಿಳಿ ಕಾಗದವೇ ಇದೆ ಎಂದುಕೊಂಡು ಅದರ ಮೇಲೆ ಕೂತುಬಿಟ್ಟಿತ್ತು. ಅದು ನನ್ನ ತಪ್ಪು. ನಮ್ಮ ನಾಲ್ಕು ಜೊತೆ ಎಳೆಯ ಕಣ್ಣಿಗೆ ಬೀಳದ ಚುಕ್ಕೆ ಅವರಿಗೆ ಕಂಡಿತ್ತು.

ಅವರು ನೋಡುವುದಕ್ಕೂ ಒಂದು ಕ್ರಮವಿತ್ತು. ಹಳೆಯ ಡ್ರಾಯಿಂಗ್ ಕೋಣೆಯ ರೂಢಿಯದು: ನಕ್ಷೆಯ ತಪಾಸಣೆ ನಡೆಯುವಾಗ ಅದನ್ನು ಎಳೆದವನು ಬೆನ್ನು ತಿರುಗಿಸಿ ನಿಲ್ಲಬೇಕು. “ಎಳದಾಂವ ಮುಂದ ನಿಂತ್ರ ನಕಾಶಾ ಮಾತಾಡೂದಿಲ್ಲ, ಅಂವನ ಮಾತಾಡ್ತಾನ” ಎನ್ನುವರು. ಹಾಗಾಗಿ ಕಾಕಾ ನನ್ನ ಕುರ್ಚಿಯಲ್ಲಿ ಕೂತು, ನಾನು ತೋರಿಸಿದ ಒಂದೇ ಒಂದು ಗುಂಡಿ ಒತ್ತುವರು. ಪರದೆಯ ಮೇಲೆ ಸೈಕಲ್ಲಿನ ಚಕ್ರದ ಕಡ್ಡಿಗಳ ಹಾಗೆ ಒಂದೊಂದೇ ಗೆರೆ ನಿಧಾನವಾಗಿ ಮೂಡುವುದು. ಒಟ್ಟು ಅರ್ಧ ನಿಮಿಷದ ಆಟ. ಮುಗಿದಾಗ ಕಂಪ್ಯೂಟರು ‘ಕುಂಯ್’ ಎನ್ನುವುದು. ಅಷ್ಟು ಹೊತ್ತು ನಾನು ಕಿಟಕಿಯ ಕಡೆ ಮುಖ ಮಾಡಿ, ಸೊಸೈಟಿಯ ಸ್ಕೂಟರುಗಳನ್ನು ಎಣಿಸುತ್ತ ನಿಲ್ಲಬೇಕು.

“ಗೆರಿ ಎಳೆಯೂಮುಂದ ಉಸಿರು ಹಿಡಿಬೇಕು ತಮ್ಮಾ. ಉಸಿರು ಹಿಡಿದು ಎಳದ ಗೆರಿ ಕೆಡೂದಿಲ್ಲ.” ಇದನ್ನು ನೂರು ಸಲ ಹೇಳಿದ್ದಾರೆ.

“ಕಾಕಾ, ಕಂಪ್ಯೂಟರಿಗೆ ಮೂಗ ಎಲ್ಲದರಿ?” ಎಂದು ಛೇಡಿಸಿದ್ದೆ.

“ಅದಕ್ಕಿಲ್ಲ. ನಿನಗ ಅದ ಅಲಾ?”

ಈಗ ಕೂತು ನೆನಪಿಸಿಕೊಂಡರೆ ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡನೆಯ ವರ್ಷದ ಹೊತ್ತಿಗೆ ಅವರ ಕುರ್ಚಿ ಪರದೆಗೆ ತೀರ ಹತ್ತಿರವಾಗಿತ್ತು. ಬೆಳಗಿನ ಮರಾಠಿ ಪೇಪರನ್ನು ಗಟ್ಟಿಯಾಗಿ ಓದು ಎಂದು ನನಗೆ ಹೇಳುತ್ತಿದ್ದರು, ‘ನಿನ್ನ ಮರಾಠಿ ಸುಧಾರಸ್ಲಿ’ ಎಂಬ ನೆಪ ಬೇರೆ. ಸಂಜೆ ಬಸ್‌ಸ್ಟಾಪಿನಲ್ಲಿ ನಾನು ಅವರ ಬಸ್ಸು ಬರುವ ತನಕ ನಿಲ್ಲಬೇಕು, “ಯಾವ ನಂಬರೋ ಅದು?” ಎಂದು ಪ್ರತಿ ಬಸ್ಸಿಗೂ ಕೇಳುವರು. ಮುದುಕರಿಗೆ ಜೊತೆ ಬೇಕು ಎಂದುಕೊಂಡೆ. ಸಾಹೇಬರ ಹುಟ್ಟುಹಬ್ಬಕ್ಕೆ ಶೀರಾ ಬಂದಾಗ, “ಬ್ಯಾಡ್ರಿ, ನನಗ ಸಕ್ಕರಿ ಬ್ಯಾನಿ ಅದ” ಎಂದವರು ಐದೇ ನಿಮಿಷಕ್ಕೆ ಎರಡು ಬಟ್ಟಲು ಖಾಲಿ ಮಾಡಿದ್ದನ್ನು ನೋಡಿ ನಾನೇ ಮೂರನೆಯದನ್ನು ಮುಂದೆ ಇಟ್ಟಿದ್ದೆ. ಇಷ್ಟೆಲ್ಲ ನೋಡಿದ ನನಗೆ ಏನೂ ಹೊಳೆಯಲಿಲ್ಲ. ಕಣ್ಣಿದ್ದವನು ನಾನು.

ಆ ದಿನಕ್ಕೆ ಬರುತ್ತೇನೆ.

ಮೂರು ವಾರ ಹಗಲೆಲ್ಲ ಕೂತು ನಾನು ಗೆರೆಯ ಕೊನೆಯ ದೋಷವನ್ನೂ ತಿದ್ದಿದ್ದೆ. ಹಲ್ಲಿಲ್ಲ, ಮಾಸಿಲ್ಲ, ನುಸಿ ತಿಂದಿಲ್ಲ. ಆದರೆ ಆ ಕಾಲದ ಕಂಪ್ಯೂಟರಿಗೆ ಇಷ್ಟು ನಯಗಾರಿಕೆ ಭಾರವಾಗುತ್ತಿತ್ತು. ಅದಕ್ಕೆಂದು ನಾನೊಂದು ಉಪಾಯ ಮಾಡಿದ್ದೆ: ಪ್ರೋಗ್ರಾಮು ಶುರುವಾದಾಗ ಗೆರೆ ಹಳೆಯ ಒರಟು ರೀತಿಯಲ್ಲೇ ಬರುತ್ತದೆ, ನಯ ಬೇಕಾದರೆ ಒಂದು ಗುಂಡಿ ಒತ್ತಿ ಅದನ್ನು ಚಾಲೂ ಮಾಡಿಕೊಳ್ಳಬೇಕು. ಬೆಳಿಗ್ಗೆಯೇ ಚಾಲೂ ಮಾಡಿಟ್ಟಿದ್ದೆ. ಮಧ್ಯಾಹ್ನ ಲೈಟು ಹೋಗಿ ಬಂತು. ಕಂಪ್ಯೂಟರನ್ನು ಮತ್ತೆ ಹಚ್ಚಿದೆ, ಪ್ರೋಗ್ರಾಮನ್ನೂ ತೆರೆದೆ. ಆ ಗುಂಡಿಯನ್ನು ಮಾತ್ರ ಮರೆತೆ. ಖುಷಿ ಹೆಚ್ಚಾದಾಗ ನನಗೆ ಹೀಗೇ ಆಗುತ್ತದೆ.

“ಕಾಕಾ, ಬರ್ರಿ. ಇವತ್ತ ತಪ್ಪ ತಗದು ತೋರಸ್ರಿ ನೋಡೋಣು” ಎಂದು ಕರೆದೆ.

ಅವರು ಬಂದು ಕೂತರು. ನಾನು ಕಿಟಕಿಯ ಕಡೆ ತಿರುಗಿದೆ. ಗುಂಡಿಯ ಸದ್ದಾಯಿತು. ಆ ದಿನ ಸ್ಕೂಟರು ಎಣಿಸಲಾಗಲಿಲ್ಲ. ‘ಕುಂಯ್’ ಎಂದು ಕಂಪ್ಯೂಟರು ಮುಗಿಸುವುದಕ್ಕೂ ನಾನು ಉಸಿರು ಬಿಡುವುದಕ್ಕೂ ಸರಿಹೋಯಿತು.

“ಬರೋಬ್ಬರಿ” ಎಂದರು ಕಾಕಾ.

ನಾನು ತಿರುಗಿದೆ. ಅವರು ಪರದೆಯನ್ನು ನೋಡುತ್ತಿರಲಿಲ್ಲ, ನನ್ನ ಕಡೆಗೆ ಮುಖ ಮಾಡಿ ಕೂತಿದ್ದರು. ಎದ್ದು ನನ್ನ ಬೆನ್ನು ತಟ್ಟಿ, ಸಾಹೇಬರಿಗೆ ಹೇಳಿಬರುತ್ತೇನೆಂದು ಒಳಗೆ ಹೋದರು.

ಅವರು ಬಿಟ್ಟೆದ್ದ ಕುರ್ಚಿಯಲ್ಲಿ ಕೂತು ಪರದೆ ನೋಡಿದೆ. ಒಂದೊಂದು ಕಡ್ಡಿಗೂ ಹಲ್ಲು. ಎರಡೂವರೆ ವರ್ಷದ ಹಿಂದೆ ಮೊದಲ ದಿನ ತೋರಿಸಿದ ಅದೇ ಒರಟು ಗೆರೆ.

ಆಗ ನನಗೆ ಏನನ್ನಿಸಬೇಕಿತ್ತು? ಈಗಿನ ನನಗೆ ಗೊತ್ತು. ಆಗಿನವನಿಗೆ ನಗು ಬಂತು. ಎರಡೂವರೆ ವರ್ಷ ನನ್ನನ್ನು ಗೋಳಾಡಿಸಿದ ಹಿರಿಯರು ಕಡೆಗೆ ಸಿಕ್ಕಿಬಿದ್ದರು ಎಂಬ ನಗು. ಚಹಾದ ಹೊತ್ತಿಗೆ ಉಳಿದ ಮೂವರ ಮುಂದೆ ಮರಾಠಿಯಲ್ಲಿ ಕತೆ ಶುರುಮಾಡಿದೆ. ಕಾಕಾನ ಹಾಗೆ ಬಗ್ಗಿ, ಕೆನ್ನೆ ಉಬ್ಬಿಸಿ ಉಸಿರು ಹಿಡಿದು, ಅವರದೇ ದನಿಯಲ್ಲಿ ‘ಬರೋಬ್ಬರಿ’ ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟಕ್ಕೆ ಬಿಟ್ಟೆನೇ? “ಇನ್ನು ಮುಂದೆ ಗರಗಸ ತಂದು ತೋರಿಸಿದರೂ ಕಾಕಾ ಪಾಸ್ ಮಾಡುತ್ತಾರೆ” ಎಂದೆ. ನಗು ಒಮ್ಮೆಲೇ ನಿಂತಿತು. ಮೂವರಲ್ಲಿದ್ದ ಒಬ್ಬಳೇ ಹುಡುಗಿ ಬಾಗಿಲ ಕಡೆ ಕಣ್ಣು ಮಾಡಿದಳು.

ಕಾಕಾ ಡಬ್ಬಿಯ ಚೀಲ ಹಿಡಿದುಕೊಂಡು ನಿಂತಿದ್ದರು. ಮುಖದ ಮೇಲೆ ನಗು ಇತ್ತು, ಅದೇ ಹೆಚ್ಚು ಸಂಕಟದ್ದು. “ಚಲಾ, ಯೇತೋ ಮೀ” ಎಂದರು. ದಿನವೂ ಆಫೀಸಿಗೆಲ್ಲ ಮರಾಠಿಯಲ್ಲಿ ಹೀಗೆ ಹೇಳಿ, ನನ್ನ ಕಡೆ ತಿರುಗಿ “ಬರ್ತೀನಿ ತಮ್ಮಾ” ಎಂದು ಬೇರೆಯಾಗಿ ಕನ್ನಡದಲ್ಲಿ ಹೇಳುವುದು ಅವರ ಪದ್ಧತಿ. ಆ ದಿನ ನನಗೂ ಸೇರಿ ಮರಾಠಿಯಲ್ಲೇ ಮುಗಿಸಿದರು. ಬಸ್‌ಸ್ಟಾಪಿನ ತನಕ ನಾನು ಹೋಗಲಿಲ್ಲ. ಯಾವ ನಂಬರಿನ ಬಸ್ಸೆಂದು ಅವತ್ತು ಯಾರನ್ನು ಕೇಳಿದರೋ.

ಮತ್ತೆ ಅವರು ಆಫೀಸಿಗೆ ಬರಲಿಲ್ಲ. ನಾಲ್ಕನೆಯ ದಿನ ಸಾಹೇಬರು ನಮ್ಮನ್ನು ಕರೆದು, ಕಾಕಾ ಕಳಿಸಿದ ಚೀಟಿಯನ್ನು ಓದಿದರು. ಅಕ್ಷರ ಕಾಕಾನದಲ್ಲ, ಯಾರಿಂದಲೋ ಬರೆಸಿದ್ದು. ‘ನೀವು ನನ್ನನ್ನು ಕರೆದದ್ದು ನನ್ನ ಕಣ್ಣಿಗಾಗಿ. ಅದು ಹೋಗಿದೆ. ಇದನ್ನು ಮೊದಲೇ ಹೇಳಬೇಕಾಗಿತ್ತು, ಹೇಳಲಿಲ್ಲ, ಕ್ಷಮಿಸಬೇಕು.’ ಸಾಹೇಬರು ಚೀಟಿ ಮಡಿಸುತ್ತ, “ನಿಮಗೆ ಯಾರಿಗೂ ಗೊತ್ತಾಗಲಿಲ್ಲವೇ?” ಎಂದು ಕೇಳಿದರು. ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ; ಎಲ್ಲರೂ ನನ್ನನ್ನೇ ನೋಡಿದರು.

ಆ ಭಾನುವಾರ ಅವರ ಮನೆಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ, ಕಾಕು. ಅಲ್ಲಿಯವರೆಗೆ ಅವರ ಕೈಯ ಶೇಂಗಾಚಟ್ನಿ ಮಾತ್ರ ಪರಿಚಯ. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯನ್ನು ತಿಂದಿದೆ, ಬಹಳ ತಡವಾಯಿತು, ಇನ್ನು ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರೇ ತಿಳಿಸಿದರು. ಒಂದು ವರ್ಷದಿಂದ ಮಂಜು ಮಂಜಾಗಿತ್ತಂತೆ. ಆಫೀಸಿಗೆ ತಿಳಿದರೆ ಕೆಲಸ ಹೋಗುತ್ತದೆಂದು ದವಾಖಾನೆಗೂ ಹೋಗದೆ ಕೂತರಂತೆ.

ಕಾಕಾ ಕುರ್ಚಿಯಲ್ಲಿ ಕೂತಿದ್ದರು. ತೊಡೆಯ ಮೇಲೆ ಅದೇ ಗೇರಿನ ಹಳೆಯ ನಕ್ಷೆ. ತೋರುಬೆರಳಿನ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಮಸಿಯ ಗೆರೆ ಕಾಗದಕ್ಕಿಂತ ಒಂದು ಕೂದಲಿನಷ್ಟು ಎತ್ತರವಿರುತ್ತದೆ, ಉಗುರಿಗೆ ಸಿಗುತ್ತದೆ.

“ಇದೊಂದು ಇನ್ನೂ ಕಾಣ್ತದ ನೋಡು” ಎಂದರು. ಆಮೇಲೆ, “ನಿನ್ನ ಗೆರಿದು ಹಲ್ಲ ಹೋದ್ವೇನೋ?”

“ಹೋದ್ವ್ರಿ ಕಾಕಾ.” ಅದು ಸುಳ್ಳಲ್ಲ. ಗುಂಡಿ ಒತ್ತಿದರೆ ಗೆರೆ ನಿಜಕ್ಕೂ ನಯವಾಗಿಯೇ ಬರುತ್ತಿತ್ತು. “ಕಾಕಾ, ಅವತ್ತ ನಾ...”

“ಚಹಾ ಆರತದ. ಕುಡಿ ಮೊದಲ.”

ಕುಡಿದೆ. ಮಾತು ಬೇರೆ ಕಡೆ ಹೊರಳಿತು. ಅವರಾಗಿ ತಪ್ಪಿಸಿದರಲ್ಲ ಎಂದು ಒಳಗೊಳಗೇ ನೆಮ್ಮದಿಯಾಯಿತು. ಅಂಥ ಹೇಡಿ ನಾನು.

ಆಮೇಲೆ ಕೆಲವು ದಿನ ಹೋಗಿಬಂದು ಮಾಡಿದೆ. ಪ್ರತಿ ಸಲ ಮೆಟ್ಟಿಲು ಹತ್ತುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುವುದು, ಇಳಿಯುವಾಗ ಮುಂದಿನ ಸಲ ಎಂದುಕೊಳ್ಳುವುದು. ನಮ್ಮ ಸಣ್ಣ ಕಂಪನಿ ಮುಚ್ಚಿತು. ನಾನು ಪುಣೆಯ ಹೊರವಲಯದ ಹಿಂಜವಡಿಯ ದೊಡ್ಡ ಕಂಪನಿಯೊಂದನ್ನು ಸೇರಿ, ಅದರ ಪಕ್ಕದ ವಾಕಡದಲ್ಲಿ ಮನೆ ಮಾಡಿದೆ. ಭೇಟಿ ದೀಪಾವಳಿಗೊಮ್ಮೆ ಆಯಿತು, ಆಮೇಲೆ ಫೋನಿಗೆ ಇಳಿಯಿತು, ಆಮೇಲೆ ಅದೂ ಇಲ್ಲ. ವಾಕಡದಿಂದ ಕಾಕಾನ ಮನೆಯೇನು ಕಾಶಿಯೇ? ಮನಸ್ಸಿದ್ದರೆ ಮುಕ್ಕಾಲು ಗಂಟೆಯ ದಾರಿ. ಅಷ್ಟರಲ್ಲಿ ಎಲ್ಲ ಕಂಪ್ಯೂಟರುಗಳೂ ತಾವಾಗಿಯೇ ನಯವಾದ ಗೆರೆ ಎಳೆಯುವುದನ್ನು ಕಲಿತವು. ಹೊಸ ಹುಡುಗರಿಗೆ ಗೆರೆಗೆ ಹಲ್ಲಿರುತ್ತಿತ್ತೆಂದರೆ ನಂಬಿಕೆಯೇ ಬರುವುದಿಲ್ಲ.

ಕಾಕಾ ತೀರಿಕೊಂಡದ್ದು ನನಗೆ ತಿಳಿದದ್ದು ಹದಿಮೂರನೆಯ ದಿನವೂ ಕಳೆದ ಮೇಲೆ, ಹಳೆಯ ಸಹೋದ್ಯೋಗಿಯೊಬ್ಬನ ಫೋನಿನಿಂದ. ಮರುದಿನವೇ ಹೋದೆ. ಕಾಕು ಒಬ್ಬರೇ ಇದ್ದರು. ಕಾಕಾನ ಕುರ್ಚಿ ಅಲ್ಲೇ ಇತ್ತು. ಅದರ ಮೇಲೆ ಮಡಿಸಿದ ಟವೆಲ್ಲು.

“ಬಾ ತಮ್ಮಾ. ಭಾಳ ದಿವಸಕ್ಕ ಬಂದಿ” ಎಂದರು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಈ ಸಲ ಚಹಾಕ್ಕೂ ಕಾಯಲಿಲ್ಲ. ನಿಂತುಕೊಂಡೇ ಹೇಳಿದೆ. “ಕಾಕು, ಕಾಕಾ ಕಡೀ ದಿವಸ ಪಾಸ್ ಮಾಡಿದ್ರಲ್ಲ, ಆ ಗೆರಿ ತಪ್ಪಿತ್ತು. ತಪ್ಪ ಅವರದಲ್ಲ, ನಂದು. ನಾನ ಗುಂಡಿ ಒತ್ತೂದು ಮರತಿದ್ದೆ. ಆಮ್ಯಾಲ ಅದನ್ನ ಎಲ್ಲಾರ ಮುಂದ ಹೇಳಿ ನಕ್ಕೆ. ಅವರು ಬಾಗಲದಾಗ ನಿಂತು ಕೇಳಿದ್ರು.”

“ಗೊತ್ತದಪಾ. ಅವತ್ತ ಮನಿಗೆ ಬಂದ ಕೂಡ್ಲೆ ಅವರ ಹೇಳಿದ್ರು.”

“ಏನಂದ್ರು?”

ಕಾಕು ಕುರ್ಚಿಯ ಮೇಲಿನ ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಸಿದರು. “ನೋವಾಗಿತ್ತು. ಆಗಿರಲಿಲ್ಲ ಅಂತ ಸುಳ್ಳ ಯಾಕ ಹೇಳ್ಲಿ? ನಾನೂ ಜಗಳಾ ತಗದೆ. ಕಾಣಲಾರದ್ದನ್ನ ಪಾಸ್ ಹೆಂಗ ಮಾಡಿದ್ರಿ, ಮಂದಿ ನಗಲಾರದ ಏನ್ ಮಾಡ್ತಾರ ಅಂದೆ.”

“ಅದಕ್ಕ?”

“ಅದಕ್ಕ ಅವರು ಅಂದ್ರು, ‘ಗೆರಿ ನನಗ ಕಾಣಲಿಲ್ಲ, ಖರೆ. ಆದ್ರ ಹುಡುಗ ಖಿಡಕಿ ಕಡೆ ಮಾರಿ ಮಾಡಿ ನಿಂತಿದ್ದ. ಮಷೀನು ಶುರು ಆದದ್ದ ತಡ, ಉಸಿರು ಹಿಡದಾ. ಗೆರಿ ಎಲ್ಲಾ ಮುಗಿಯೂತನಕಾ ಬಿಡಲಿಲ್ಲ. ನಾ ಅದನ್ನ ಕೇಳಕೋತ ಕೂತಿದ್ದೆ. ಉಸಿರು ಹಿಡಿದು ಎಳದ ಗೆರಿ ಕೆಡೂದಿಲ್ಲ, ಅದಕ್ಕ ಪಾಸ್ ಮಾಡಿದೆ’ ಅಂದ್ರು. ಸಾಯೂತನಕಾ ಅದನ್ನ ಅಂತಿದ್ರು. ಹುಡುಗಂದು ಏನೋ ಕೈ ತಪ್ಪಿರಬೇಕು, ಗೆರಿ ಮಾತ್ರ ಬರೋಬ್ಬರಿ ಇತ್ತು ಅಂತ.”

ಅವರು ಚಹಾ ಇಡಲು ಒಳಗೆ ಹೋದರು. ನಾನು ಕಾಕಾನ ಕುರ್ಚಿಗೆ ಬೆನ್ನು ಮಾಡಿ, ಕಿಟಕಿಯ ಕಡೆ ತಿರುಗಿ ನಿಂತೆ. ಕೆಳಗೆ ಸ್ಕೂಟರುಗಳು ಸಾಲಾಗಿ ನಿಂತಿದ್ದವು. ಉಸಿರು ಹಿಡಿದು ನೋಡಿದೆ. ಎಷ್ಟು ಹಿಡಿದರೂ ನಿಲ್ಲಲಿಲ್ಲ. ಒಳಗಿದ್ದ ಕಾಕುಗೂ ಕೇಳಿಸುವ ಹಾಗೆ ಅತ್ತೆ.